ಗಿಡ ನೆಡುವ ಮೊದಲು ಕಾವಲಿಗೆ ಹೋಗಿ ಬನ್ನಿ

ಪರಿಸರ ಜೀವಶಾಸ್ತ್ರವನ್ನು ಆರಿಸಿಕೊಂಡಿರುವ ಮಕ್ಕಳೇ,

ಈ ವಿಷಯ ಯಾಕೆ ತೆಗೆದುಕೊಂಡಿರಿ ಎಂದು ಕೇಳಿದರೆ ನಿಮ್ಮಲ್ಲಿ ಹೆಚ್ಚಿನವರು ‘ಪ್ರಕೃತಿ ಅಂದ್ರೆ ಇಷ್ಟ ಸಾರ್’ ಎನ್ನುತ್ತೀರಿ. ಕೇಳಿ ಸಂತೋಷವಾಗುತ್ತದೆ. ಆದರೆ ಇಷ್ಟವೊಂದೇ ಇಟ್ಟುಕೊಂಡು ಮುಂದೆ ಹೋದವರು ಈ ನಾಡಿನಲ್ಲಿ ಎಷ್ಟು ಹಾನಿ ಮಾಡಿದ್ದಾರೆ ಎಂಬುದನ್ನು ಬಯಲುಸೀಮೆಯಲ್ಲಿ ಪಾಠ ಹೇಳಿಕೊಂಡು ಬಂದ ನಾನು ಕಣ್ಣಾರೆ ಕಂಡಿದ್ದೇನೆ. ಜೂನ್ 5 ಬಂದರೆ ಸಾಕು, ಬ್ಯಾನರು ಕಟ್ಟಿಕೊಂಡು ಊರಾಚೆಯ ಹುಲ್ಲುಗಾವಲಿಗೆ ಹೋಗಿ ಸಾಲುಸಾಲು ಗುಂಡಿ ತೋಡಿ ಅಕೇಶಿಯಾವನ್ನೋ ನೀಲಗಿರಿಯನ್ನೋ ನೆಟ್ಟು ಬರುತ್ತಾರೆ. ನೆಟ್ಟವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆ ನೆಲ ಏನು, ಅಲ್ಲಿ ಈಗಾಗಲೇ ಯಾರಿದ್ದಾರೆ, ಮಳೆ ಎಷ್ಟು, ಮಣ್ಣು ಎಂಥದು ಎಂಬ ನಾಲ್ಕು ಪ್ರಶ್ನೆ ಕೇಳಿಕೊಂಡಿರುವುದಿಲ್ಲ, ಅಷ್ಟೆ. ನೀವು ಓದಲು ಹೊರಟಿರುವ ಶಾಸ್ತ್ರ ಹುಟ್ಟಿದ್ದೇ ಆ ನಾಲ್ಕು ಪ್ರಶ್ನೆಗಳಿಂದ.

ಆದ್ದರಿಂದ ನನ್ನ ಮಾತು ಇಷ್ಟೇ. ಪುಸ್ತಕದ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡುವುದಕ್ಕೆ ಮೊದಲು ಒಂದು ಜಾಗ ಹಿಡಿದುಕೊಳ್ಳಿ. ಪುಸ್ತಕದಲ್ಲಿ ಬರುವ ಪ್ರತಿಯೊಂದು ಕಲ್ಪನೆಯನ್ನೂ ಅಲ್ಲಿಗೆ ಒಯ್ದು ಒರೆಗೆ ಹಚ್ಚಿ. ಮಲೆನಾಡಿನವರು ಒಂದು ಹಳ್ಳವನ್ನು ಹಿಡಿಯಬಹುದು, ಕರಾವಳಿಯವರು ಒಂದು ಅಳಿವೆಯನ್ನು ಹಿಡಿಯಬಹುದು. ನಾನು ಬಲ್ಲದ್ದು ಅಮೃತಮಹಲ್ ಕಾವಲು. ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಒಣ ಭಾಗದಲ್ಲಿ ಇನ್ನೂ ಅಲ್ಲಲ್ಲಿ ಉಳಿದಿರುವ ಹುಲ್ಲುಬಯಲುಗಳಿವು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗೆಂದು ‘ಬೆಣ್ಣೆ ಚಾವಡಿ’ಯಾಗಿ ಏರ್ಪಟ್ಟಿದ್ದಕ್ಕೆ ಟಿಪ್ಪು ಸುಲ್ತಾನ ಅಮೃತಮಹಲ್ ಎಂಬ ಹೆಸರಿಟ್ಟ. ಚಳ್ಳಕೆರೆ, ಹಿರಿಯೂರು, ಕಡೂರು, ಅಜ್ಜಂಪುರದ ಕಡೆಯ ಮಕ್ಕಳಿಗೆ ಇದು ಮನೆಯ ಹಿಂದಿನ ಜಾಗ. ಬೇರೆ ಕಡೆಯವರು ಒಮ್ಮೆ ಬಂದು ನೋಡಿ.

ಕಾವಲಿಗೆ ಬಂದು ನಿಂತ ಹೊಸಬರು ಮೊದಲು ಹೇಳುವ ಮಾತು ‘ಇಲ್ಲಿ ಏನೂ ಇಲ್ಲವಲ್ಲ’ ಎಂದು. ಹಾಗಾದರೆ ಮಳೆಯಿಂದಲೇ ಶುರು ಮಾಡೋಣ. ಚಳ್ಳಕೆರೆ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 450–500 ಮಿಲಿಮೀಟರ್. ಅದೇ ರಾಜ್ಯದ ಆಗುಂಬೆಯಲ್ಲಿ 7,000 ಮಿಲಿಮೀಟರ್ ದಾಟುತ್ತದೆ. ಪಶ್ಚಿಮಘಟ್ಟದ ಆಚೆ ಮೋಡ ಬರಿದಾಗಿ, ಮಿಕ್ಕದ್ದು ಗಾಳಿಯ ಜೊತೆ ಈಚೆಗೆ ಬರುತ್ತದೆ. ಬಂದ ಮಳೆಯೂ ಎಲ್ಲ ವರ್ಷ ಒಂದೇ ಸಮ ಇರುವುದಿಲ್ಲ. ಒಂದು ಜೀವಿಗೆ ಬೇಕಾದ ಹತ್ತು ಅಂಶಗಳಲ್ಲಿ ಯಾವುದು ಅಗತ್ಯಕ್ಕಿಂತ ತೀರ ಕಡಿಮೆಯಿದೆಯೋ ಅದೇ ಆ ಜೀವಿಯ ಬೆಳವಣಿಗೆಯ ಮಿತಿಯನ್ನು ನಿರ್ಧರಿಸುತ್ತದೆ ಎಂಬ ನಿಯಮವನ್ನು ನೀವು ಲೀಬಿಗ್‌ನ ಹೆಸರಿನಲ್ಲಿ ಓದುತ್ತೀರಿ. ಮಿತಿಕಾರಕ ಅಂಶ ಎಂಬ ಹೆಸರಿನಲ್ಲಿ ಅದು ಒಂದು ಅಂಕದ ಪ್ರಶ್ನೆಯಾಗಿ ಬರುತ್ತದೆ. ಕಾವಲಿನಲ್ಲಿ ಬಿಸಿಲಿಗೆ ಬರವಿಲ್ಲ, ನೀರಿಗೆ ಬರ. ಜೊತೆಗೆ ಮಣ್ಣು ತೆಳು, ಕೆಳಗೆ ಕಲ್ಲು. ಇಂಥ ಕಡೆ ಗೊಂಡಾರಣ್ಯ ಬೆಳೆಯುವುದಿಲ್ಲ. ಅಲ್ಲೊಂದು ಇಲ್ಲೊಂದು ಜಾಲಿ, ಕಾರೆ, ಬೋರೆ. ಮಧ್ಯೆ ಕಣ್ಣು ಹಾಯುವವರೆಗೆ ಹುಲ್ಲು.

ಆ ಹುಲ್ಲನ್ನು ಬಗ್ಗಿ ನೋಡಿ. ಮರದ ಚಿಗುರು ತುದಿಯಲ್ಲಿರುತ್ತದೆ. ತುದಿ ಕಡಿದರೆ ಬೆಳವಣಿಗೆಗೆ ಪೆಟ್ಟು. ಹುಲ್ಲು ಬೆಳೆಯುವ ಜಾಗ ಬುಡದ ಹತ್ತಿರ, ನೆಲಕ್ಕೆ ಅಂಟಿಕೊಂಡಂತೆ ಇರುತ್ತದೆ. ದನ ಮೇಲಿನದನ್ನು ಮೇಯ್ದು ಹೋದರೂ, ಬೇಸಿಗೆಯ ಬೆಂಕಿ ಮೇಲಿನದನ್ನು ಸುಟ್ಟು ಹೋದರೂ ಬುಡ ಬದುಕಿರುತ್ತದೆ. ಮೊದಲ ಹದಮಳೆ ಬಿದ್ದ ಕೆಲವೇ ದಿನಗಳಲ್ಲಿ ಕಾವಲು ಹಸಿರಾಗುವುದು ಹೀಗೆ. ಇನ್ನು ಬೇರು. ಹುಲ್ಲು ತನ್ನ ಗಳಿಕೆಯ ದೊಡ್ಡ ಪಾಲನ್ನು ಮಣ್ಣಿನೊಳಗೆ ಇಳಿಸುತ್ತದೆ. ಇಂಗಾಲವನ್ನು ಹಿಡಿದಿಡುವುದು ಮರ ಮಾತ್ರ ಎಂದುಕೊಂಡವರು ಇದನ್ನು ತಿಳಿಯಬೇಕು. ಹುಲ್ಲುಗಾವಲಿನ ಇಂಗಾಲ ಹೆಚ್ಚಾಗಿ ನೆಲದಡಿಯಲ್ಲಿದೆ, ಬೆಂಕಿ ಬಿದ್ದರೂ ಅದು ಅಲ್ಲೇ ಉಳಿಯುತ್ತದೆ. ಗುಂಡಿ ತೋಡಿ, ನೇಗಿಲು ಹಾಕಿ ಮಣ್ಣು ತಿರುವಿದಾಗ ಅದು ಗಾಳಿಗೆ ಬಿಡುಗಡೆಯಾಗುತ್ತದೆ.

ಹುಲ್ಲು ಉತ್ಪಾದಕ. ಮಿಡತೆ ಅದನ್ನು ತಿನ್ನುತ್ತದೆ, ಓತಿಕೇತ ಮಿಡತೆಯನ್ನು, ಗಿಡುಗ ಓತಿಕೇತವನ್ನು. ಆಹಾರ ಸರಪಳಿ ನಿಮಗೆ ಏಳನೇ ತರಗತಿಯಿಂದ ಗೊತ್ತು. ಆದರೆ ಸರಪಳಿಯ ಒಂದೊಂದು ಕೊಂಡಿಯಲ್ಲಿ ಎಷ್ಟು ಸೋರಿಹೋಗುತ್ತದೆ ಎಂದು ಯೋಚಿಸಿದ್ದೀರಾ? ಒಂದು ಸ್ತರದ ಶಕ್ತಿಯಲ್ಲಿ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ಮಾತ್ರ ಮುಂದಿನ ಸ್ತರದ ಮೈಗೆ ಸೇರುತ್ತದೆ. ಮಿಕ್ಕದ್ದು ಉಸಿರಾಟದಲ್ಲಿ, ಓಡಾಟದಲ್ಲಿ, ಮೈ ಕಾವಿನಲ್ಲಿ, ತಿನ್ನದೆ ಉಳಿದದ್ದರಲ್ಲಿ, ಜೀರ್ಣವಾಗದೆ ಹೊರಬಿದ್ದದ್ದರಲ್ಲಿ ಹೋಗುತ್ತದೆ. ಹತ್ತು ಸಾವಿರ ಪಾಲು ಹುಲ್ಲಿಗೆ ಸಾವಿರ ಪಾಲು ಮಿಡತೆ, ನೂರು ಪಾಲು ಓತಿಕೇತ, ಹತ್ತು ಪಾಲು ಗಿಡುಗ. ಇದು ಅಂದಾಜಿನ ಲೆಕ್ಕ. ಜಾಗದಿಂದ ಜಾಗಕ್ಕೆ, ಜೀವಿಯಿಂದ ಜೀವಿಗೆ ವ್ಯತ್ಯಾಸವಿದೆ. ಆದರೂ ಒಂದು ಜೋಡಿ ತೋಳ ಬದುಕಬೇಕಾದರೆ ಅಷ್ಟು ವಿಸ್ತಾರದ ಕಾವಲು ಯಾಕೆ ಬೇಕು ಎಂಬುದಕ್ಕೆ ಉತ್ತರ ಈ ಲೆಕ್ಕದಲ್ಲೇ ಇದೆ. ಸಾವಿರ ಎಕರೆ ಕಾವಲನ್ನು ನೂರು ಎಕರೆಗೆ ಇಳಿಸಿದರೆ ಹುಲ್ಲು ಉಳಿಯುತ್ತದೆ, ಮಿಡತೆ ಉಳಿಯುತ್ತದೆ. ಮೊದಲು ಇಲ್ಲವಾಗುವುದು ತುದಿಯಲ್ಲಿರುವ ಪ್ರಾಣಿ.

ಈ ಲೆಕ್ಕಕ್ಕೆ ಅಡಿಪಾಯ ಹಾಕಿದವನು ನಿಮಗಿಂತ ಹೆಚ್ಚು ದೊಡ್ಡವನೇನಲ್ಲ. ರೇಮಂಡ್ ಲಿಂಡೆಮನ್ ಎಂಬ ಅಮೆರಿಕದ ಯುವಕ ಮಿನೆಸೋಟದ ಸೀಡರ್ ಬಾಗ್ ಎಂಬ ಪುಟ್ಟ ಕೆರೆಯೊಂದನ್ನು ಹಿಡಿದು ವರ್ಷಗಟ್ಟಲೆ ಕುಳಿತ. ಹೆಂಡತಿ ಎಲೀನರ್ ಕೆರೆಯ ಕೆಲಸದಲ್ಲಿ ಜೊತೆಗಿದ್ದರು. ಪಾಚಿ ಎಷ್ಟು, ಅದನ್ನು ತಿನ್ನುವ ಹುಳು ಎಷ್ಟು, ಹುಳುವನ್ನು ತಿನ್ನುವ ಜೀವಿ ಎಷ್ಟು ಎಂದು ಅಳೆದು, ಜೀವಿಗಳನ್ನೆಲ್ಲ ಶಕ್ತಿಯ ಹರಿವಿನ ಲೆಕ್ಕಕ್ಕೆ ತಂದ. ಆ ಲೇಖನವನ್ನು ಪರಿಶೀಲಿಸಿದ ಹಿರಿಯರು ಊಹೆ ಜಾಸ್ತಿ ಎಂದು ತಿರಸ್ಕರಿಸಿದರು. ಗುರು ಹಚಿನ್‌ಸನ್ ಪಟ್ಟು ಹಿಡಿದದ್ದರಿಂದ ಕೊನೆಗೆ ಅದು ಅಚ್ಚಾಯಿತು. ಅಚ್ಚಾದದ್ದು 1942ರ ಅಕ್ಟೋಬರ್‌ನಲ್ಲಿ. ಲಿಂಡೆಮನ್ ಜೂನ್‌ನಲ್ಲೇ ತೀರಿಕೊಂಡಿದ್ದ, 27 ತುಂಬಿರಲಿಲ್ಲ. ಒಂದೇ ಜಾಗವನ್ನು ಬಿಡದೆ ನೋಡಿದ್ದರ ಫಲ ಅದು. ಇಂದು ಜಗತ್ತಿನ ಯಾವ ಪರಿಸರ ಪಠ್ಯಪುಸ್ತಕ ತೆರೆದರೂ ಆ ಪುಟ್ಟ ಕೆರೆ ಅದರೊಳಗಿದೆ.

ಶಕ್ತಿ ಹೀಗೆ ಒಂದೇ ದಿಕ್ಕಿಗೆ ಹರಿದುಹೋಗುತ್ತದೆ, ಸೂರ್ಯನಿಂದ ಬಂದದ್ದು ಕೊನೆಗೆ ಬರೀ ಶಾಖವಾಗಿ ಚದುರುತ್ತದೆ. ಸಾರಜನಕ, ರಂಜಕ, ಇಂಗಾಲ ಹಾಗಲ್ಲ, ಅವು ಸುತ್ತಿ ಸುತ್ತಿ ಬರುತ್ತವೆ. ಇವೆರಡನ್ನೂ ಗೊಂದಲ ಮಾಡಿಕೊಳ್ಳುವ ವಿದ್ಯಾರ್ಥಿಗಳು ಬಹಳ. ಅವರಿಗೆ ನಾನು ಹೇಳುತ್ತಿದ್ದದ್ದು ಒಂದೇ: ಹೋಗಿ ಸಗಣಿಯ ಮುಂದೆ ಕುಳಿತುಕೊಳ್ಳಿ.

ಮೂಗು ಮುರಿಯಬೇಡಿ. ಮುಂಗಾರು ಶುರುವಾದ ಮೇಲೆ ಒಂದು ಬೆಳಗ್ಗೆ, ದನ ಈಗಷ್ಟೇ ಹಾಕಿ ಹೋದ ಸಗಣಿಯ ಪಕ್ಕ ಒಂದು ಗಂಟೆ ಕುಳಿತು ನೋಡಿ. ಮೊದಲು ನೊಣ ಬರುತ್ತದೆ. ಹಿಂದೆಯೇ ಗುಂಯ್‌ಗುಡುತ್ತ ಸಗಣಿ ಹುಳುಗಳು ಹಾರಿ ಬಂದು ಧೊಪ್ಪನೆ ಬೀಳುತ್ತವೆ. ಕೆಲವು ಅಲ್ಲೇ ಒಳಗೆ ಹೊಕ್ಕು ಕೆಳಗಿನ ಮಣ್ಣಿಗೆ ಬಿಲ ಕೊರೆದು ಸಗಣಿಯನ್ನು ಎಳೆದುಕೊಳ್ಳುತ್ತವೆ. ಕೆಲವು ತಮ್ಮ ಪಾಲನ್ನು ಮುರಿದು ಉಂಡೆ ಕಟ್ಟಿ, ತಲೆ ಕೆಳಗೆ ಮಾಡಿ, ಹಿಂಗಾಲಿನಿಂದ ತಳ್ಳಿಕೊಂಡು ಹೋಗುತ್ತವೆ. ದಾರಿಯಲ್ಲಿ ಇನ್ನೊಂದು ಬಂದು ಉಂಡೆಗೆ ಜಗಳ ತೆಗೆಯುತ್ತದೆ. ಗೆದ್ದದ್ದು ಮೆತ್ತನೆಯ ಮಣ್ಣು ಹುಡುಕಿ ಉಂಡೆಯನ್ನು ಹೂತು, ಅದರಲ್ಲಿ ಮೊಟ್ಟೆ ಇಡುತ್ತದೆ. ಮಾರನೆಯ ದಿನ ಹೋದರೆ ಸಗಣಿಯ ಮೇಲೆ ಒಣಗಿದ ಸಿಪ್ಪೆ, ಅದರ ತುಂಬ ತೂತು. ಕಾಲಿನಿಂದ ಸರಿಸಿದರೆ ಕೆಳಗೆ ಸಡಿಲವಾದ ಪುಡಿಮಣ್ಣು. ಚಂದ್ರಮುಕುಟ ಹಕ್ಕಿ ಉದ್ದ ಕೊಕ್ಕು ಊರಿ ಮರಿಹುಳು ಹುಡುಕಿರುತ್ತದೆ. ಬೇಸಿಗೆಯಲ್ಲಾದರೆ ಈ ಹುಳುಗಳು ಕಡಿಮೆ. ಆಗ ಗೆದ್ದಲು ಅಡಿಯಿಂದ ಮಣ್ಣು ಮೆತ್ತಿಕೊಂಡು ಬಂದು ಒಣಸಗಣಿಯನ್ನೂ ಒಣಹುಲ್ಲನ್ನೂ ಹೊತ್ತೊಯ್ಯುತ್ತದೆ. ಒಣ ಸೀಮೆಯಲ್ಲಿ ಕೊಳೆಸುವ ಕೆಲಸದ ದೊಡ್ಡ ಭಾರ ಗೆದ್ದಲಿನದೇ. ಹುತ್ತ ಕಂಡರೆ ಒಡೆಯುವ ಅಭ್ಯಾಸ ಇರುವವರು ಇದನ್ನು ನೆನಪಿಡಲಿ.

ದನ ತಿಂದ ಹುಲ್ಲಿನಲ್ಲಿದ್ದ ಸಾರಜನಕ, ರಂಜಕಗಳು ಹೀಗೆ ಬೇರಿನ ಆಳಕ್ಕೆ ಮರಳಿದವು. ಹುಳು ತೋಡಿದ ಬಿಲದಲ್ಲಿ ಮಳೆನೀರು ಇಂಗಿತು. ಸಗಣಿ ನೆಲದ ಮೇಲೆ ಉಳಿಯದ್ದರಿಂದ ನೊಣ ಕಡಿಮೆಯಾಯಿತು. ವಿಘಟನೆ, ಪೋಷಕಾಂಶ ಚಕ್ರ, ನೀರಿಂಗುವಿಕೆ ಎಂದು ಪುಸ್ತಕ ಮೂರು ಅಧ್ಯಾಯಗಳಲ್ಲಿ ಹೇಳುವುದು ಒಂದು ಸಗಣಿಯ ಸುತ್ತ ನಡೆದುಹೋಯಿತು. ದನಕ್ಕೆ ಹೊಟ್ಟೆಹುಳುವಿನ ಔಷಧಿ ಕೊಟ್ಟ ಮೇಲೆ ಬಿದ್ದ ಸಗಣಿಗೂ ಕೊಡದೆ ಬಿದ್ದ ಸಗಣಿಗೂ ಹುಳುಗಳ ಸಂಖ್ಯೆಯಲ್ಲಿ ವ್ಯತ್ಯಾಸ ಇದೆಯೇ ಎಂದು ಎಣಿಸಿ ನೋಡಿ. ಐವರ್‌ಮೆಕ್ಟಿನ್‌ನಂಥ ಔಷಧಿಗಳು ಸಗಣಿಯಲ್ಲಿ ಉಳಿದು, ಅದರಲ್ಲಿ ಬೆಳೆಯುವ ಹುಳುಗಳಿಗೆ ಹಾನಿ ಮಾಡುತ್ತವೆಂಬುದು ತಿಳಿದ ಸಂಗತಿ. ನಿಮ್ಮ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ವಿಷಯ ಬೇಡ.

ಔಷಧಿಯ ಮಾತು ಬಂದದ್ದರಿಂದ ರಣಹದ್ದಿನ ಮಾತನ್ನೂ ಹೇಳಿಬಿಡುತ್ತೇನೆ. ಸತ್ತ ದನವನ್ನು ಊರಾಚೆ ಹಾಕಿದರೆ ರಣಹದ್ದುಗಳು ಇಳಿದು, ನೋಡನೋಡುತ್ತ ಮೂಳೆ ಮಾತ್ರ ಉಳಿಸುತ್ತಿದ್ದವು. 1990ರ ದಶಕದಲ್ಲಿ ಅವು ದೇಶದಾದ್ಯಂತ ಸಾಯತೊಡಗಿದವು. ಬಿಳಿಬೆನ್ನಿನ ರಣಹದ್ದು 1992ರಿಂದ 2007ರ ನಡುವೆ ಶೇಕಡಾ 99ಕ್ಕೂ ಹೆಚ್ಚು ಕಡಿಮೆಯಾಯಿತು. ಕಾರಣ ಗೊತ್ತಾದದ್ದು 2004ರಲ್ಲಿ: ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್. ಔಷಧಿ ಕೊಟ್ಟ ಸ್ವಲ್ಪ ದಿನಕ್ಕೇ ಸತ್ತ ದನವನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು ಅದು ಸಾಯುತ್ತಿತ್ತು. 2006ರಲ್ಲಿ ಸರ್ಕಾರ ಪಶುಗಳಿಗೆ ಅದರ ಬಳಕೆಯನ್ನು ನಿಷೇಧಿಸಿತು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದರು. ಹೋದ ಹಕ್ಕಿಗಳು ಮಾತ್ರ ಹಳೆಯ ಸಂಖ್ಯೆಗೆ ಮರಳಿಲ್ಲ. ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಹಾಗೆ ನಿಧಾನವಾಗಿ ಹೆಚ್ಚುವ ಜೀವಿಯನ್ನು ಹತ್ತು ವರ್ಷದಲ್ಲಿ ಕಳೆದುಕೊಂಡರೆ ಹತ್ತು ವರ್ಷದಲ್ಲಿ ಮರಳಿ ಪಡೆಯಲಾಗದು. ಅವು ತಿನ್ನದೆ ಬಿಟ್ಟ ಹೆಣಗಳು ಬೀದಿನಾಯಿಗಳ ಪಾಲಾದವು. ನಾಯಿ ಹೆಚ್ಚಿದಲ್ಲಿ ಹುಚ್ಚುನಾಯಿ ಕಡಿತದ ಭಯವೂ ಹೆಚ್ಚು, ಕಾವಲಿನ ಕೃಷ್ಣಮೃಗದ ಮರಿಗಳಿಗೂ ಅಪಾಯ. ಆಹಾರ ಜಾಲದಲ್ಲಿ ಎಲ್ಲೋ ಒಂದು ಕಡೆ ಎಳೆ ಕಡಿದರೆ ಬೇರೆಲ್ಲೋ ಕಾಣಿಸಿಕೊಳ್ಳುತ್ತದೆ ಎಂದು ಬರೆಯುವಾಗ ಈ ಸಾವುಗಳು ನಿಮ್ಮ ನೆನಪಿನಲ್ಲಿರಲಿ.

ಈಗ ಮೇಯುವವರ ಕಡೆ ಬನ್ನಿ. ಒಂದೇ ಕಾವಲಿನಲ್ಲಿ ದನ, ಕುರಿ, ಆಡು, ಕೃಷ್ಣಮೃಗ ಎಲ್ಲವೂ ಇವೆ. ಒಂದೇ ಜಾಗದಲ್ಲಿ ಇಷ್ಟು ಜನ ಹೇಗೆ ಬಾಳುತ್ತಾರೆ? ದನ ನಾಲಿಗೆಯಿಂದ ಸುತ್ತಿ ಎಳೆದು ತಿನ್ನುವುದರಿಂದ ಅದಕ್ಕೆ ಉದ್ದ ಹುಲ್ಲು ಬೇಕು. ಕುರಿ ಸೀಳುತುಟಿಯಿಂದ ನೆಲಕ್ಕೆ ಹತ್ತಿರದ ಗಿಡ್ಡ ಹುಲ್ಲನ್ನು ಕತ್ತರಿಸುತ್ತದೆ. ಆಡು ಹಿಂಗಾಲ ಮೇಲೆ ನಿಂತು ಜಾಲಿಯ ಸೊಪ್ಪಿಗೆ ಬಾಯಿ ಹಾಕುತ್ತದೆ. ಜೀವಿ ಎಲ್ಲಿರುತ್ತದೆ ಎಂಬುದು ಅದರ ನೆಲೆ. ಅಲ್ಲಿ ಏನು ತಿನ್ನುತ್ತದೆ, ಯಾವಾಗ ತಿನ್ನುತ್ತದೆ, ಯಾರ ಜೊತೆ ಹೇಗೆ ಹೊಂದಿಕೊಳ್ಳುತ್ತದೆ ಎಂಬುದೆಲ್ಲ ಸೇರಿ ಅದರ ನಿಚ್. ನೆಲೆ ಒಂದೇ ಆಗಿ ನಿಚ್ ಬೇರೆಯಾದರೆ ಜೊತೆಗೆ ಬಾಳಬಹುದು. ನಿಚ್ ಕೂಡ ಒಂದೇ ಆಗಿ ಮೇವು ಸಾಲದಾದರೆ ಒಬ್ಬರು ಸೋಲಲೇಬೇಕು.

ಸಾಲದಾಗುವುದು ಯಾವಾಗ? ಒಂದು ಜಾಗ ಎಷ್ಟು ಜೀವಿಗಳನ್ನು ಸಾಕಬಲ್ಲದು ಎಂಬ ಧಾರಣಾ ಸಾಮರ್ಥ್ಯ ಪುಸ್ತಕದಲ್ಲಿ ನೇರವಾದ ಒಂದು ಅಡ್ಡಗೆರೆ. ಕಾವಲಿನಲ್ಲಿ ಆ ಗೆರೆ ಮಳೆಯ ಜೊತೆ ಏರಿಳಿಯುತ್ತದೆ. ಹಳಬರಿಗೆ ಅದು ಗೊತ್ತಿತ್ತು. ಅಮೃತಮಹಲ್ ಕಾವಲುಗಳನ್ನು ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿದ್ದರು. ನೀರು, ನೆರಳು ಇರುವ ಕಡೆ ಬೇಸಿಗೆಗೆ ಮೀಸಲು. ದನಗಳ ಹಿಂಡು ಕಾಲಕ್ಕೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಬಿಟ್ಟು ಬಂದ ಕಾವಲು ಬೀಜ ಕಟ್ಟಿ ಸುಧಾರಿಸಿಕೊಳ್ಳುತ್ತಿತ್ತು. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಮ್ಯಾಸನಾಯಕರ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳು ಇವತ್ತಿಗೂ ಮೇವು ನೋಡಿ ಹಿಂಡು ಹೊಡೆಯುತ್ತಾರೆ. ಅವರಲ್ಲಿ ಎಷ್ಟೋ ಜನ ಶಾಲೆಯ ಮೆಟ್ಟಿಲು ಹತ್ತಿದವರಲ್ಲ; ಆದರೂ ಜನಸಂಖ್ಯಾ ಪರಿಸರಶಾಸ್ತ್ರದಲ್ಲಿ ಅವರು ನಿಮಗೆ ಪಾಠ ಹೇಳಬಲ್ಲರು. ಕಾವಲುಗಳು ಒಂದೊಂದಾಗಿ ಹೊಲವಾಗಿ, ಬಡಾವಣೆಯಾಗಿ, ಕಾರ್ಖಾನೆಯಾಗಿ ಹೋದಂತೆ ಉಳಿದ ತುಂಡಿನ ಮೇಲೆ ವರ್ಷವಿಡೀ ಮೇವಿನ ಭಾರ ಬಿತ್ತು. ಆಮೇಲೆ ‘ಕುರಿಗಾಹಿಗಳು ಕಾವಲು ಹಾಳು ಮಾಡಿದರು’ ಎಂದು ಹೇಳುವುದು ನ್ಯಾಯವಲ್ಲ.

ನನಗೆ ಅತ್ಯಂತ ಕಳವಳ ಕೊಡುವ ಪಾಠಕ್ಕೆ ಈಗ ಬರುತ್ತೇನೆ. ಅನುಕ್ರಮಣದ ಚಿತ್ರ ನಿಮ್ಮ ಪುಸ್ತಕದಲ್ಲಿದೆ. ಬರಿಬಂಡೆ, ಅದರ ಮೇಲೆ ಕಲ್ಲುಹೂವು, ಆಮೇಲೆ ಹಾವಸೆ, ಹುಲ್ಲು, ಪೊದೆ, ಕೊನೆಗೆ ಕಾಡು. ಬಾಣದ ಗುರುತುಗಳೆಲ್ಲ ಕಾಡಿನ ಕಡೆಗೇ. ಈ ಚಿತ್ರವನ್ನು ಬಿಡಿಸಿ ಅಂಕ ತೆಗೆದುಕೊಂಡ ಮಕ್ಕಳ ತಲೆಯಲ್ಲಿ ಒಂದು ತಪ್ಪು ತೀರ್ಮಾನ ಉಳಿದುಬಿಡುತ್ತದೆ: ಹುಲ್ಲುಗಾವಲು ಎಂದರೆ ಇನ್ನೂ ಕಾಡಾಗದ ಜಾಗ, ಅರ್ಧಕ್ಕೆ ನಿಂತ ಕೆಲಸ, ನಾವು ಗಿಡ ನೆಟ್ಟು ಮುಗಿಸಿಕೊಡಬೇಕು ಎಂದು. ಮಳೆ ಸಾಕಷ್ಟಿರುವ ಕಡೆ, ಕಡಿದುಬಿಟ್ಟ ಕಾಡಿನ ಜಾಗದಲ್ಲಿ ಆ ಚಿತ್ರ ಸರಿಯೇ. ದಖನ್ನಿನ ಒಣ ಬಯಲಿಗೆ ಅದು ಹೊಂದುವುದಿಲ್ಲ. ಇಲ್ಲಿ ಕಡಿಮೆ ಮಳೆ, ಮೇಯುವ ಪ್ರಾಣಿ, ಆಗಾಗ ಬೀಳುವ ಬೆಂಕಿ ಮೂರೂ ಸೇರಿ ಬಹಳ ಹಿಂದಿನಿಂದ ಹುಲ್ಲನ್ನು ಹುಲ್ಲಾಗಿಯೇ ಉಳಿಸಿಕೊಂಡು ಬಂದಿವೆ. ಕೃಷ್ಣಮೃಗದ ಓಟ ನೋಡಿದ್ದೀರಾ? ಬಯಲಿನಲ್ಲಿ ದೂರದಿಂದಲೇ ಶತ್ರುವನ್ನು ಕಂಡು ಓಡಿ ತಪ್ಪಿಸಿಕೊಳ್ಳುವುದಕ್ಕೆ ಆದ ಮೈ, ಆದ ಕಾಲು ಅದು. ಎರೆಭೂತ ಅಥವಾ ಎರ್ಲಡ್ಡು ಎಂದು ನಮ್ಮವರು ಕರೆಯುವ ದೊಡ್ಡ ಹಕ್ಕಿ ಬರಿನೆಲದ ಮೇಲೆ ಒಂದು ಮೊಟ್ಟೆ ಇಡುತ್ತದೆ. ನೆಲಗುಬ್ಬಿ, ಟಿಟ್ಟಿಭಗಳೂ ನೆಲದಲ್ಲೇ ಮೊಟ್ಟೆ ಇಡುವವು. ಇಷ್ಟು ಜೀವಿಗಳು ಬಯಲಿಗೆಂದೇ ರೂಪುಗೊಂಡಿವೆ ಎಂದಾದರೆ ಆ ಬಯಲು ನಿನ್ನೆ ಮೊನ್ನೆಯದಲ್ಲ.

ರಾಣೆಬೆನ್ನೂರಿನಲ್ಲಿ ಏನಾಯಿತು ನೋಡಿ. 1974ರಲ್ಲಿ ಕೃಷ್ಣಮೃಗಕ್ಕೂ ಎರೆಭೂತಕ್ಕೂ ಆಸರೆಯಾಗಲೆಂದು ಅದನ್ನು ಅಭಯಾರಣ್ಯ ಮಾಡಿದರು. ಆದರೆ ಆ ನೆಲದ ಬಹುಭಾಗ ನೀಲಗಿರಿ ತೋಪು. ಕೃಷ್ಣಮೃಗ ಹೇಗೋ ಹೊಂದಿಕೊಂಡು, ಸುತ್ತಲಿನ ಹೊಲಗಳಿಗೂ ಹೊಕ್ಕು ಉಳಿಯಿತು. ಎರೆಭೂತಕ್ಕೆ ಬಯಲು ಬೇಕಿತ್ತು, ಅದು ಅಲ್ಲಿಂದ ಕಣ್ಮರೆಯಾಯಿತು. ಇಂದು ಇಡೀ ದೇಶದ ಬಯಲುಗಳಲ್ಲಿ ಎಣಿಸಿದರೂ ಅವು ಇನ್ನೂರು ಸಿಗುವುದಿಲ್ಲ. ನಮ್ಮ ರಾಜ್ಯದಲ್ಲಿ ಸಿರುಗುಪ್ಪದ ಎರೆಹೊಲಗಳ ಕಡೆ ಬೆರಳೆಣಿಕೆಯಷ್ಟು. ಕೊಡಲಿ ಹಿಡಿದು ಬಂದವರು ಕಾಡನ್ನು ಕೆಡಿಸುತ್ತಾರೆ, ಸಸಿ ಹಿಡಿದು ಬಂದವರು ಹುಲ್ಲುಗಾವಲನ್ನು ಕೆಡಿಸಬಲ್ಲರು. ಎರಡನೆಯದು ಯಾರ ಕಣ್ಣಿಗೂ ಹಾನಿಯಂತೆ ಕಾಣಿಸದ ಕಾರಣ ಅದನ್ನು ತಡೆಯುವುದು ಹೆಚ್ಚು ಕಷ್ಟ.

ಬಳ್ಳಾರಿ ಜಾಲಿಯ ಕತೆಯೂ ಇದೇ. ಅಮೆರಿಕ ಖಂಡದ ಈ ಗಿಡವನ್ನು ಹತ್ತೊಂಬತ್ತನೇ ಶತಮಾನದಲ್ಲಿ ಸೌದೆಗಾದೀತು, ಒಣನೆಲ ಹಸಿರಾದೀತು ಎಂದು ಒಳ್ಳೆಯ ಮನಸ್ಸಿನಿಂದಲೇ ತಂದರು. ಆಡು, ಕುರಿ, ದನ ಅದರ ಸಿಹಿಗಾಯಿ ತಿನ್ನುತ್ತವೆ. ಬೀಜ ಜೀರ್ಣವಾಗದೆ, ಮೆತ್ತಗಾಗಿ, ಗೊಬ್ಬರದ ಸಮೇತ ಹೊಸ ಜಾಗಕ್ಕೆ ಬೀಳುತ್ತದೆ. ಬೇರು ಆಳಕ್ಕೆ ಇಳಿಯುತ್ತದೆ, ಕಡಿದರೆ ಬುಡದಿಂದ ಹತ್ತು ಚಿಗುರು ಬರುತ್ತದೆ, ಅದರ ಕೆಳಗೆ ಹುಲ್ಲು ಏಳುವುದಿಲ್ಲ. ತೌರಿನಲ್ಲಿ ಅದನ್ನು ಹದ್ದುಬಸ್ತಿನಲ್ಲಿಟ್ಟ ಹುಳಹುಪ್ಪಟೆಗಳು ಇಲ್ಲಿಲ್ಲ. ಆಕ್ರಮಣಕಾರಿ ಪ್ರಭೇದ ಎಂದರೆ ಇದು. ಬಡವರ ಒಲೆಗೆ ಅದೇ ಸೌದೆ, ಇದ್ದಿಲು ಸುಡುವವರಿಗೆ ಅದೇ ಜೀವನ ಎಂಬುದೂ ನಿಜ. ಹಾಗಾಗಿ ಕಿತ್ತುಹಾಕಿ ಎಂದು ಭಾಷಣ ಮಾಡಿದರೆ ಮುಗಿಯುವುದಿಲ್ಲ. ಎಲ್ಲಿ ಕೀಳಬೇಕು, ಎಲ್ಲಿ ಬಿಡಬೇಕು, ಕಿತ್ತ ಮೇಲೆ ಸೌದೆಗೆ ಏನು ಎಂದು ಕುಳಿತು ಯೋಚಿಸಬೇಕು.

ಇನ್ನೊಂದು ಮಾತು, ಗಡಿಯ ಬಗ್ಗೆ. 1935ರಲ್ಲಿ ಆರ್ಥರ್ ಟ್ಯಾನ್ಸ್ಲಿ ಪರಿಸರ ವ್ಯವಸ್ಥೆ ಎಂಬ ಕಲ್ಪನೆಯನ್ನು ಮುಂದಿಟ್ಟಾಗ ಜೀವಿಗಳ ಜೊತೆಗೆ ಮಣ್ಣು, ನೀರು, ಗಾಳಿಯನ್ನೂ ಅದರೊಳಗೆ ಸೇರಿಸಿದ. ಆದರೆ ಎಲ್ಲಿಗೆ ಗೆರೆ ಎಳೆಯುವುದು ಎಂಬುದು ಓದುವವನ ಅನುಕೂಲಕ್ಕೆ ಬಿಟ್ಟದ್ದು. ಕಾವಲಿನ ಗೆರೆ ಸರ್ವೆ ಕಲ್ಲಿಗೆ ಮುಗಿಯುತ್ತದೆಯೇ? ಹಗಲು ಕಾವಲಿನಲ್ಲಿ ಮೇಯ್ದ ಕುರಿಮಂದೆಯನ್ನು ರಾತ್ರಿ ರೈತರ ಹೊಲದಲ್ಲಿ ನಿಲ್ಲಿಸುತ್ತಾರೆ. ಹಿಕ್ಕೆ, ಗಂಜಲ ಹೊಲಕ್ಕೆ ಬೀಳುತ್ತದೆ; ಕುರಿಯವರಿಗೆ ಕಾಳೋ ಕಾಸೋ ಸಿಗುತ್ತದೆ. ಕಾವಲಿನ ಸಾರಜನಕ ಹೀಗೆ ರಾಗಿ, ಶೇಂಗಾ ಹೊಲಗಳಿಗೆ ನಡೆದುಕೊಂಡು ಹೋಗುತ್ತದೆ. ಅದೇ ಕುರಿಯ ಉಣ್ಣೆ ದೊಡ್ಡಉಳ್ಳಾರ್ತಿಯ ಮಗ್ಗದಲ್ಲಿ ಕಂಬಳಿಯಾಗುತ್ತದೆ. ಚಳಿಗಾಲಕ್ಕೆ ಕಝಕ್‌ಸ್ತಾನದ ಹುಲ್ಲುಬಯಲಿನಿಂದ ಸೆಳೆವ ಎಂಬ ಹಕ್ಕಿಗಳು ಹಾರಿ ಬಂದು ನಮ್ಮ ಮಿಡತೆ ತಿಂದು, ರಾತ್ರಿ ಗುಂಪುಗುಂಪಾಗಿ ಕಾವಲಿನ ಹುಲ್ಲಿನ ನಡುವೆ ನೆಲದ ಮೇಲೆಯೇ ಮಲಗುತ್ತವೆ. ಇಲ್ಲಿಯ ಕಾವಲು ಹೋದರೆ ಅಲ್ಲಿಯ ಆಕಾಶದಲ್ಲಿ ಹಕ್ಕಿ ಕಡಿಮೆಯಾಗುತ್ತದೆ.

ಚಳ್ಳಕೆರೆ ತಾಲ್ಲೂಕಿನಲ್ಲಿ ದೊಡ್ಡಉಳ್ಳಾರ್ತಿ, ಖುದಾಪುರ, ವರವು ಕಾವಲುಗಳ ಸುತ್ತ ಸುಮಾರು ಹತ್ತು ಸಾವಿರ ಎಕರೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಶೋಧನೆಗೆಂದು ಮಂಜೂರಾದಾಗ ಸುತ್ತಲಿನ ಹಳ್ಳಿಗಳವರು ಹಸಿರು ನ್ಯಾಯಮಂಡಳಿಯವರೆಗೆ ಹೋದರು. ದೇಶಕ್ಕೆ ಆ ಸಂಸ್ಥೆಗಳು ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ನನ್ನ ಆಕ್ಷೇಪ ಜಾಗ ಆರಿಸುವ ಕ್ರಮದ ಬಗ್ಗೆ. ಬೆಳೆ ಇಲ್ಲ, ಮರ ಇಲ್ಲ, ಮನೆ ಇಲ್ಲ, ಹಾಗಾಗಿ ಖಾಲಿ ಜಾಗ ಎಂದು ಬರೆದುಕೊಂಡರೆ ಕುರಿ, ಕಂಬಳಿ, ಗೊಬ್ಬರ, ತೋಳ, ಸೆಳೆವ ಯಾವುದೂ ಆ ಕಡತದೊಳಗೆ ಬರುವುದಿಲ್ಲ. ಮುಂದೆ ನಿಮ್ಮಲ್ಲಿ ಕೆಲವರು ಪರಿಸರ ಪರಿಣಾಮದ ವರದಿ ಬರೆಯುವ ಕುರ್ಚಿಯಲ್ಲಿ ಕೂರುತ್ತೀರಿ. ‘ಏನೂ ಇಲ್ಲ’ ಎಂದು ಬರೆಯುವ ಮೊದಲು ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ, ರಾತ್ರಿ ಒಮ್ಮೆ ಅಲ್ಲಿಗೆ ಹೋಗಿ ಬನ್ನಿ. ಮೇ ತಿಂಗಳ ಒಂದು ಮಧ್ಯಾಹ್ನ ಜೀಪಿನಲ್ಲಿ ಸುತ್ತಿ ಬರೆದ ವರದಿ ವಿಜ್ಞಾನವಲ್ಲ.

ಕಲಿಯುವ ಕ್ರಮದ ಬಗ್ಗೆ ಸ್ವಲ್ಪ. ನಾಲ್ಕು ಗೂಟ, ನಾಲ್ಕು ಮೀಟರ್ ದಾರ ತೆಗೆದುಕೊಂಡು ಹೋಗಿ. ಒಂದು ಮೀಟರ್ ಚೌಕ ಕಟ್ಟಿ, ಅದರೊಳಗೆ ಎಷ್ಟು ಬಗೆಯ ಹುಲ್ಲಿದೆ ಎಂದು ಎಣಿಸಿ. ಮೊದಲ ದಿನ ಎಲ್ಲವೂ ಒಂದೇ ತರ ಕಾಣುತ್ತದೆ. ಕಾಳು, ತೆನೆ, ಗಿಣ್ಣು ನೋಡುತ್ತ ಹೋದರೆ ಬೇರೆಬೇರೆಯಾಗುತ್ತವೆ. ಬೇಲಿ ಹಾಕಿದ ಜಾಗದ ಒಳಗೊಂದು ಚೌಕ, ಹೊರಗೊಂದು ಚೌಕ ಕಟ್ಟಿ ಹೋಲಿಸಿ. ಒಂದೇ ಚೌಕ ನೋಡಿ ಇಡೀ ಕಾವಲಿನ ಬಗ್ಗೆ ತೀರ್ಪು ಕೊಡಬೇಡಿ. ಹೆಸರು ಗೊತ್ತಾಗದಿದ್ದರೆ ಲ್ಯಾಟಿನ್ ಹೆಸರಿಗೆ ಮೊಬೈಲ್ ತೆಗೆಯುವ ಮೊದಲು ಕುರಿ ಕಾಯುವವರನ್ನು ಕೇಳಿ. ಯಾವುದು ಪೊರಕೆಯ ಹಂಚಿಕಡ್ಡಿ, ಯಾವುದನ್ನು ಕುರಿ ಮುಟ್ಟುವುದಿಲ್ಲ, ಯಾವುದರ ಬೀಜ ಉಣ್ಣೆಗೆ ಚುಚ್ಚಿಕೊಂಡು ಚರ್ಮ ಗಾಯ ಮಾಡುತ್ತದೆ ಎಂದು ಅವರು ಹೇಳುತ್ತಾರೆ. ಎರಡು ಹೆಸರನ್ನೂ ಬರೆದುಕೊಳ್ಳಿ. ನಿಮ್ಮ ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿ ರಾಮದೇವ ಮಿಶ್ರರ ಚಿತ್ರ ನೋಡಿರುತ್ತೀರಿ. ಭಾರತದಲ್ಲಿ ಈ ಶಾಸ್ತ್ರಕ್ಕೆ ಬುನಾದಿ ಹಾಕಿದ, ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಮೇಷ್ಟ್ರು ಅವರು. ಪರಿಸರಶಾಸ್ತ್ರವನ್ನು ಹೊಲ, ಹುಲ್ಲು, ಕಾಡುಗಳ ನಡುವೆ ನಿಂತು ಅಳೆದು ಕಲಿ ಎಂಬ ಪರಂಪರೆ ನಮಗೆ ಅವರಿಂದಲೇ ಬಂದಿದೆ. ಅದನ್ನು ಕೈಬಿಡಬೇಡಿ.

ಮತ್ತೆ, ಗಿಡ ನೆಡಬೇಡಿ ಎಂದು ನಾನು ಹೇಳುತ್ತಿಲ್ಲ. ಊರ ಬೀದಿಯಲ್ಲಿ, ಶಾಲೆಯ ಅಂಗಳದಲ್ಲಿ, ಕೆರೆ ಏರಿಯ ಕೆಳಗೆ, ಹೊಲದ ಬದುವಿನಲ್ಲಿ ಬೇವು, ಹೊಂಗೆ, ಹುಣಸೆ, ಆಲ ನೆಡಿ. ನೆಟ್ಟು ಮೂರು ಬೇಸಿಗೆ ನೀರು ಹಾಕಿ. ಕಾವಲಿಗೆ ಮಾತ್ರ ಗುದ್ದಲಿ ಒಯ್ಯಬೇಡಿ, ನೋಟ್‌ಬುಕ್ ಒಯ್ಯಿರಿ.

ಕೊನೆಯದಾಗಿ ಒಂದು ಕೆಲಸ ಒಪ್ಪಿಸುತ್ತೇನೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಆ ಊರಿನ ಗಿಡಮರ, ಪ್ರಾಣಿಪಕ್ಷಿ, ಅವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆ ಎಲ್ಲವನ್ನೂ ಬರೆದಿಟ್ಟ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ರಜೆಗೆ ಊರಿಗೆ ಹೋದಾಗ ಪಂಚಾಯಿತಿ ಕಚೇರಿಗೆ ಹೋಗಿ ಅಭಿವೃದ್ಧಿ ಅಧಿಕಾರಿಯನ್ನು ಕೇಳಿ ಆ ದಾಖಲಾತಿ ತೆಗೆಸಿ ಓದಿ. ನಿಮ್ಮೂರ ಗೋಮಾಳದ, ಕಾವಲಿನ ಹುಲ್ಲುಗಳ ಹೆಸರು ಅದರಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಊರ ಕಿಲಾರಿಯನ್ನೋ ಕುರಿ ಕಾಯುವ ಹಿರಿಯರನ್ನೋ ಸಮಿತಿಯ ಮುಂದೆ ಕರೆತಂದು, ಅವರು ಹೇಳಿದ್ದನ್ನು ಅವರ ಹೆಸರಿನ ಸಮೇತ ಅದರಲ್ಲಿ ಬರೆಸಿ.